ದೋಣಿ ತೊಳೆಯಲು ‘ಜೋರಿನದ್ದು’ ಬೇಡ, ಸರಿಯಾದದ್ದು ಬೇಕು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳು ಬಂದರಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಫೈಬರ್ ದೋಣಿಗಳು ದಡ ಹತ್ತಿ ತೆಂಗಿನ ಗರಿಯ ಚಪ್ಪರದಡಿ ಸೇರುತ್ತವೆ. ಬಲೆ ಸರಿಮಾಡುವುದು, ಇಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು ಎಲ್ಲ ಈ ಹೊತ್ತಿನಲ್ಲೇ ಆಗಬೇಕು. ಅದಕ್ಕೆಲ್ಲ ಮೊದಲು ದೋಣಿ ತೊಳೆಯಬೇಕು.

ಈ ರಜೆ ಕೊಡುವುದು ಯಾಕೆ? ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುತ್ತದೆ, ಮರಿ ಬೆಳೆಯುತ್ತದೆ, ಅದಕ್ಕೆ ತೊಂದರೆ ಆಗಬಾರದು ಅಂತ. ಮರಿಗಳಲ್ಲಿ ಬಹಳಷ್ಟು ಬೆಳೆಯುವುದು ಆಳ ಸಮುದ್ರದಲ್ಲಲ್ಲ, ನಮ್ಮ ಅಳಿವೆಗಳಲ್ಲಿ, ಹೊಳೆ ಬಾಯಲ್ಲಿ. ಸೀಗಡಿಯ ಮರಿಯಂತೂ ಕಡಲಿನಿಂದ ಅಳಿವೆಯೊಳಗೆ ಬಂದು ದೊಡ್ಡದಾಗಿ ಮತ್ತೆ ಕಡಲಿಗೆ ಹೋಗುತ್ತದೆ. ಅಂದರೆ ಮರಿ ಉಳಿಯಲಿ ಅಂತ ಎರಡು ತಿಂಗಳು ದುಡಿಮೆ ಬಿಟ್ಟು ಕೂರುವ ನಾವೇ, ಅದೇ ಎರಡು ತಿಂಗಳಲ್ಲಿ ಆ ಮರಿಗಳ ಮನೆಗೆ ಆಸಿಡ್, ಸೋಪಿನ ಪುಡಿ, ಬ್ಲೀಚಿಂಗ್ ಪೌಡರ್ ಸುರಿಯುತ್ತೇವೆ. ಒಂದು ಕೈಯಲ್ಲಿ ಉಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಕಳೆಯುವ ಲೆಕ್ಕ ಇದು.

ದೋಣಿ ತೊಳೆಯಬೇಡಿ ಅಂತ ಯಾರೂ ಹೇಳುವುದಿಲ್ಲ. ತಳಕ್ಕೆ ಪಾಚಿ, ಚಿಪ್ಪು ಕಟ್ಟಿದರೆ ದೋಣಿ ಎಳೆಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಮೀನು ತುಂಬುವ ಜಾಗ ಕೊಳಕಾದರೆ ಮೀನು ಬೇಗ ಕೆಡುತ್ತದೆ, ರೇಟು ಬೀಳುತ್ತದೆ. ತೊಳೆಯಲೇಬೇಕು. ನನ್ನ ವಾದ ತೊಳೆಯುವ ಸಾಮಾನು ಆರಿಸುವ ರೀತಿಯ ಬಗ್ಗೆ.

ಅಂಗಡಿಯಲ್ಲಿ ಕೇಳುವ ಪ್ರಶ್ನೆಯೇ ತಪ್ಪು

ಅಂಗಡಿಗೆ ಹೋದರೆ ನಾವು ಸಾಮಾನ್ಯವಾಗಿ ಕೇಳುವುದು ಹೀಗೆ: “ಒಳ್ಳೆ ಜೋರಿದ್ದದ್ದು ಕೊಡಿ ಮಾರಾಯ್ರೆ, ಒಂದೇ ಸಲಕ್ಕೆ ಹೋಗ್ಬೇಕು.” ಅಂಗಡಿಯವರೂ ಕೇಳಿದ್ದನ್ನೇ ಕೊಡುತ್ತಾರೆ. ಕಕ್ಕಸು ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ, ಕೆಜಿ ಲೆಕ್ಕದ ಸೋಪಿನ ಪುಡಿ. ಯಾವುದು ಎಷ್ಟು ಜೋರು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಯಾವುದು ನಿಮ್ಮ ದೋಣಿಗೆ ಸರಿ ಅನ್ನುವುದು ಗೊತ್ತಾಗುವುದಿಲ್ಲ.

ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ದೋಣಿಯ ಮೈ ಯಾವುದರದ್ದು: ಮರವೋ, ಫೈಬರೋ, ಲೋಹವೋ? ಕೊಳೆ ಯಾವ ಜಾತಿಯದ್ದು: ಪಾಚಿಯೋ, ಚಿಪ್ಪೋ, ತುಕ್ಕೋ, ಎಣ್ಣೆಯೋ, ಮೀನಿನ ರಕ್ತ ಲೋಳೆಯೋ? ತೊಳೆದ ನೀರು ಎಲ್ಲಿಗೆ ಹೋಗುತ್ತದೆ: ಮಣ್ಣಿಗೋ, ನೇರ ಹೊಳೆಗೋ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಸಾಮಾನು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಸಾಮಾನು ಮಾಡಿನಿಂದ ಇಳಿಯುವ ನೀರು

ದೋಣಿಯ ಮೇಲಿನ ಕೊಳೆಯಲ್ಲಿ ಹೆಚ್ಚಿನದು ಉಪ್ಪು, ಹೊಯ್ಗೆ, ಹಸಿ ಪಾಚಿ, ಮೀನಿನ ಲೋಳೆ. ಇವಕ್ಕೆ ಸಿಹಿ ನೀರು, ಬ್ರಷ್ಷು, ತೆಂಗಿನ ಸಿಪ್ಪೆ ಸಾಕು. ಒಣಗುವ ಮೊದಲು ಉಜ್ಜಿದರೆ ಅರ್ಧ ಗಂಟೆಯ ಕೆಲಸ, ಒಣಗಿದ ಮೇಲೆ ಅರ್ಧ ದಿನದ ಕೆಲಸ. ‘ಜೋರಿನದ್ದು’ ಬೇಕಾಗುವುದು ಬಹಳ ಸಲ ತಡ ಮಾಡಿದ್ದಕ್ಕೆ.

ಇನ್ನೊಂದು ವಿಷಯ ಗಮನಿಸಿ. ಉಪ್ಪು ನೀರಿನಲ್ಲಿ ಬಟ್ಟೆ ಸೋಪು ನೊರೆ ಬರುವುದಿಲ್ಲ. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜತೆ ಸೇರಿ ಬಿಳಿ ಗಸಿ ಆಗುತ್ತದೆ. ನೊರೆ ಬರಲಿಲ್ಲ ಅಂತ ಮತ್ತಷ್ಟು ಹಾಕುತ್ತೇವೆ, ಗಸಿ ಮತ್ತಷ್ಟು ಅಂಟುತ್ತದೆ. ಮಳೆ ನೀರು ಮೆದು ನೀರು. ಅದರಲ್ಲಿ ಚಿಟಿಕೆ ಸೋಪಿಗೇ ನೊರೆ ಏಳುತ್ತದೆ. ಜೂನ್, ಜುಲೈಯಲ್ಲಿ ಕರಾವಳಿಯಲ್ಲಿ ಇದಕ್ಕಿಂತ ಧಾರಾಳವಾಗಿ, ಇದಕ್ಕಿಂತ ಪುಕ್ಕಟೆಯಾಗಿ ಸಿಗುವ ವಸ್ತು ಬೇರೆ ಇದೆಯೇ? ಚಪ್ಪರದ ಬದಿಗೆ ಒಂದು ಡ್ರಮ್ ಇಟ್ಟರೆ ಆಯಿತು.

ಮೈ ನೋಡಿ ಮದ್ದು

ಮರದ ದೋಣಿಗೆ ನಮ್ಮ ಹಿರಿಯರು ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಮರ ನೀರು ಕುಡಿಯಬಾರದು, ಹುಳ ಕೊರೆಯಬಾರದು ಅಂತ. ಕಾಸ್ಟಿಕ್ ಸೋಡಾ ಅಥವಾ ಗಟ್ಟಿ ಸೋಪಿನ ನೀರು ಹಾಕಿದರೆ ಮೊದಲು ಹೋಗುವುದೇ ಆ ಎಣ್ಣೆ. ಮರ ಬಿಳಿಚಿ ಚಂದ ಕಾಣುತ್ತದೆ, ಆಮೇಲೆ ಒಡೆಯುತ್ತದೆ. ಬ್ಲೀಚ್ ಗಟ್ಟಿಯಾಗಿ ಹಾಕಿದರೆ ಮರದ ನಾರೇ ಸಡಿಲವಾಗುತ್ತದೆ. ಮರಕ್ಕೆ ನೀರು, ಮೆತ್ತಗಿನ ಬ್ರಷ್ಷು, ಚೆನ್ನಾಗಿ ಒಣಗಿಸುವುದು, ಮತ್ತೆ ಎಣ್ಣೆ. ಅಷ್ಟೇ.

ಫೈಬರ್ ದೋಣಿಯ ಹೊಳಪೆಲ್ಲ ಹೊರಗಿನ ಒಂದು ತೆಳು ಪದರದಲ್ಲಿದೆ. ಜೆಲ್‌ಕೋಟ್ ಅನ್ನುತ್ತಾರೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಒಳಗಿನ ಫೈಬರ್‌ಗೆ ನೀರು ಇಳಿಯದಂತೆ ಕಾಯುವುದು ಅದೇ. ತಂತಿ ಬ್ರಷ್ಷು, ಪಾತ್ರೆ ಉಜ್ಜುವ ಸ್ಟೀಲ್ ನಾರು, ಗರಗರ ಪುಡಿ ಹಾಕಿ ಉಜ್ಜಿದರೆ ಆ ಪದರದಲ್ಲಿ ಗೀರು ಬೀಳುತ್ತದೆ. ಗೀರಿನಲ್ಲಿ ಪಾಚಿ ಇನ್ನೂ ಬೇಗ ಕೂರುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಉಜ್ಜಬೇಕಾಗುತ್ತದೆ. ಸ್ಟೀಲ್ ನಾರಿನ ಚೂರು ಅಲ್ಲೇ ಉಳಿದು ತುಕ್ಕಿನ ಕಲೆ ಬೇರೆ ಆಗುತ್ತದೆ. ಫೈಬರ್‌ಗೆ ಪಾತ್ರೆ ತೊಳೆಯುವ ಮೆದು ಲಿಕ್ವಿಡ್ ಒಂದು ಬಕೆಟಿಗೆ ಒಂದೆರಡು ಚಮಚ ಮತ್ತು ಬಟ್ಟೆ ಸಾಕು.

ಔಟ್‌ಬೋರ್ಡ್ ಇಂಜಿನ್ನಿನ ನೀರಲ್ಲಿ ಮುಳುಗುವ ಭಾಗ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ತಾಗಿದರೆ ಕಪ್ಪಾಗುವುದನ್ನು ಅಡುಗೆಮನೆಯಲ್ಲಿ ನೋಡಿದ್ದೀರಿ. ಕಾಸ್ಟಿಕ್ ಅದನ್ನು ತಿಂದೇ ಹಾಕುತ್ತದೆ, ಆಸಿಡ್ಡೂ ಅಷ್ಟೇ. ಇಂಜಿನ್ನಿಗೆ ಬೇಕಾದದ್ದು ಒಳಗೂ ಹೊರಗೂ ಸಿಹಿ ನೀರು. ಕಡಲಿನಿಂದ ಬಂದ ದಿನವೇ ಸಿಹಿ ನೀರು ಹಾಯಿಸಿದರೆ ಒಳಗೆ ಉಪ್ಪು ಕಟ್ಟುವುದಿಲ್ಲ.

ಕೊಳೆ ನೋಡಿ ಸಾಮಾನು

*ಚಿಪ್ಪು:* ದೋಣಿಯನ್ನು ನೀರಿನಿಂದ ಎಳೆದ ದಿನವೇ, ಹಸಿ ಇರುವಾಗಲೇ ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆಯಬೇಕು. ಒಣಗಿದರೆ ಸಿಮೆಂಟಿನ ಹಾಗೆ ಕೂರುತ್ತದೆ. ಆಮೇಲೆ ಉಳಿಯುವ ಬಿಳಿ ಬಳೆಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಒಂದೆರಡು ಗಂಟೆ ಹಾಕಿಟ್ಟು ಕೆರೆದರೆ ಬಿಡುತ್ತದೆ. ಕಕ್ಕಸಿನ ಆಸಿಡ್ಡು ಬೇಗ ಬಿಡಿಸುತ್ತದೆ, ಸುಳ್ಳಲ್ಲ. ಚಿಪ್ಪು ಸುಣ್ಣದ್ದು, ಆಸಿಡ್ಡಿಗೆ ಕರಗುತ್ತದೆ. ಆದರೆ ಹೊಳೆಯ ಮಣ್ಣಿನಲ್ಲಿರುವ ಬಳಚಿನ ಚಿಪ್ಪೂ ಸುಣ್ಣದ್ದೇ. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿಗೆ ಆಸಿಡ್ ಸುರಿದರೆ ಅದು ಯಾವ ಚಿಪ್ಪು ಅಂತ ಕೇಳುವುದಿಲ್ಲ. ತಳಕ್ಕೆ ವಿಷದ ಬಣ್ಣ ಬಳಿದಿದ್ದರೆ ಕೆರೆಯುವಾಗ ಕೆಳಗೆ ಟಾರ್ಪಾಲ್ ಹಾಸಿ, ಬಿದ್ದ ಚೂರನ್ನು ಗುಡಿಸಿ ತೆಗೆಯಿರಿ. ಅಂಥ ಬಣ್ಣದಲ್ಲಿ ಹೆಚ್ಚಾಗಿ ತಾಮ್ರದ ಸಂಯುಕ್ತ ಇರುತ್ತದೆ. ಚಿಪ್ಪನ್ನು ಕೊಲ್ಲಲೆಂದೇ ಮಾಡಿದ್ದು ಅದು.

*ತುಕ್ಕಿನ ಕಲೆ:* ನಮ್ಮ ಹಿತ್ತಲಿನ ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇದೆ. ಬಾಟಲಿಯಲ್ಲಿ ಸಿಗುವ ತುಕ್ಕು ತೆಗೆಯುವ ಎಷ್ಟೋ ಸಾಮಾನಿನಲ್ಲಿ ಇರುವುದೂ ಅದೇ. ಬಟ್ಟೆಯ ತುಕ್ಕಿನ ಕಲೆಗೆ ಅಜ್ಜಿಯರು ಬಿಂಬುಳಿ ಉಜ್ಜುತ್ತಿದ್ದರು. ಫೈಬರ್ ಮೇಲಿನ ಸಣ್ಣ ಕಲೆಗೂ ಉಜ್ಜಿ ನೋಡಿ, ಆಮೇಲೆ ಚೆನ್ನಾಗಿ ನೀರು ಹಾಕಿ.

*ಎಣ್ಣೆ:* ದೋಣಿಯ ತಳದಲ್ಲಿ ನಿಂತ ಡೀಸೆಲ್, ಆಯಿಲಿಗೆ ಸೋಪಿನ ಪುಡಿ ಹಾಕಿ ಪಂಪ್ ಹೊಡೆಯುವುದು ಎಲ್ಲಾ ಕಡೆ ಇದೆ. ನೀರಿನ ಮೇಲೆ ಬಣ್ಣದ ಪರೆ ಕಾಣುವುದಿಲ್ಲ, ಹಾಗಾಗಿ ಹೋಯಿತು ಅಂದುಕೊಳ್ಳುತ್ತೇವೆ. ಅದು ಹೋಗಿಲ್ಲ. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಿನೊಳಗೆ ಕಲಸಿದೆ, ಮೇಲೆ ತೇಲುತ್ತಿದ್ದದ್ದು ಈಗ ಮೀನಿನ ಕಿವಿರಿಗೆ ಹೋಗುತ್ತದೆ.

ಇದಕ್ಕೆ ಜಗತ್ತೇ ನೋಡಿದ ಒಂದು ಉದಾಹರಣೆ ಇದೆ. 1967ರ ಮಾರ್ಚ್‌ನಲ್ಲಿ ಟೋರಿ ಕ್ಯಾನ್ಯನ್ ಅನ್ನುವ ತೈಲ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಹತ್ತಿರ ಬಂಡೆಗೆ ಬಡಿಯಿತು. ಸಮುದ್ರಕ್ಕೆ ಚೆಲ್ಲಿದ ಕಚ್ಚಾ ತೈಲ ತೆಗೆಯಲು ಸುಮಾರು 10,000 ಟನ್ ಡಿಟರ್ಜೆಂಟ್ ಸುರಿದರು. ಆಮೇಲೆ ವಿಜ್ಞಾನಿಗಳು ದಡದ ಬಂಡೆಗಳನ್ನು ಪರೀಕ್ಷಿಸಿದಾಗ, ಅಲ್ಲಿನ ಚಿಪ್ಪುಜೀವಿಗಳಿಗೆ ತೈಲಕ್ಕಿಂತ ಡಿಟರ್ಜೆಂಟೇ ಹೆಚ್ಚು ಹಾನಿ ಮಾಡಿದ್ದು ಕಂಡುಬಂತು. ಡಿಟರ್ಜೆಂಟ್ ಜಾಸ್ತಿ ಸುರಿದ ಕಡೆ ದಡ ಮೊದಲಿನಂತಾಗಲು 10 ವರ್ಷಕ್ಕೂ ಮೇಲೆ ಬೇಕಾಯಿತು. ಅವರದ್ದು ದೊಡ್ಡ ಹಡಗು, ನಮ್ಮದು ಸಣ್ಣ ದೋಣಿ, ನಿಜ. ಸೋಪು ಎಣ್ಣೆ ಸೇರಿದಾಗ ನಡೆಯುವುದು ಎರಡು ಕಡೆಯೂ ಒಂದೇ.

ಎಣ್ಣೆಗೆ ಸರಿಯಾದ ಸಾಮಾನು ಹಳೆ ಬಟ್ಟೆ, ಗೋಣಿ ತುಂಡು. ಹೀರಿಸಿ, ಹಿಂಡಿ, ಕ್ಯಾನಿಗೆ ತುಂಬಿ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಮೀನು ತುಂಬುವ ಜಾಗಕ್ಕೆ ಬ್ಲೀಚ್ ಬೇಕು, ಲೆಕ್ಕ ಇರಲಿ

ಐಸ್ ಹಾಕಿ ಮೀನು ತುಂಬುವ ಸ್ಟೋರೇಜ್, ಕ್ರೇಟು, ಬುಟ್ಟಿಗಳಿಗೆ ರೋಗಾಣು ಕೊಲ್ಲುವ ಸಾಮಾನು ಬೇಕೇ ಬೇಕು. ಇಲ್ಲಿ ಬ್ಲೀಚಿಂಗ್ ಪೌಡರ್ ಸರಿ. ತಪ್ಪಾಗುವುದು ಕ್ರಮದಲ್ಲಿ ಮತ್ತು ಅಳತೆಯಲ್ಲಿ.

ಮೊದಲು ಲೋಳೆ, ರಕ್ತ, ಹುರುಪೆ ಎಲ್ಲ ಬ್ರಷ್ಷಿನಿಂದ ತೊಳೆದು ತೆಗೆಯಬೇಕು. ಕೊಳೆಯ ಮೇಲೆಯೇ ಬ್ಲೀಚ್ ಹಾಕಿದರೆ ಕ್ಲೋರಿನ್ ಕೊಳೆಯ ಜತೆಯಲ್ಲೇ ಖರ್ಚಾಗುತ್ತದೆ, ರೋಗಾಣು ಹಾಗೇ ಉಳಿಯುತ್ತದೆ. ತೊಳೆದಾದ ಮೇಲೆ 10 ಲೀಟರ್ ನೀರಿಗೆ ಹೊಸ ಪೌಡರ್ 3ರಿಂದ 4 ಗ್ರಾಂ, ಅಂದರೆ ಚಹಾ ಚಮಚದಲ್ಲಿ ಮಟ್ಟಸವಾಗಿ ಒಂದು. ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರನ್ನು ಮಾತ್ರ ಬಳಸಿ. ಹತ್ತು ನಿಮಿಷ ಬಿಟ್ಟು ಶುದ್ಧ ನೀರಿನಿಂದ ತೊಳೆಯಿರಿ. ಹಿಡಿಗಟ್ಟಲೆ ಎರಚಿದರೆ ಹೆಚ್ಚು ಶುದ್ಧವಾಗುವುದಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಕೈ ಸುಡುತ್ತದೆ, ಮೀನಿಗೆ ವಾಸನೆ ಹತ್ತುತ್ತದೆ.

ನಲ್ಲಿ ನೀರನ್ನು ನೇರ ಅಕ್ವೇರಿಯಮ್ಮಿಗೆ ಹಾಕಿದರೆ ಮೀನು ಸಾಯುವುದು ಅದರಲ್ಲಿರುವ ಚೂರೇ ಚೂರು ಕ್ಲೋರಿನ್ನಿಗೆ. ಉಳಿದ ಬ್ಲೀಚ್ ನೀರನ್ನು ಹೊಳೆಗೆ ಚೆಲ್ಲುವ ಬದಲು, ಮಕ್ಕಳು ದನಕರುಗಳಿಗೆ ಸಿಗದ ಕಡೆ ಬಾಯಗಲದ ಬಕೆಟಿನಲ್ಲಿ ಒಂದೆರಡು ದಿನ ಬಿಸಿಲಿಗಿಡಿ. ಬಿಸಿಲಿಗೆ ಕ್ಲೋರಿನ್ ಬಿಟ್ಟು ಹೋಗುತ್ತದೆ.

ಇದೊಂದು ಮಾತ್ರ ಮಾಡಲೇಬೇಡಿ

ಬ್ಲೀಚ್ ಮತ್ತು ಆಸಿಡ್ ಒಟ್ಟಿಗೆ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ‘ಎರಡೂ ಹಾಕಿದರೆ ಡಬಲ್ ಕೆಲಸ’ ಅನ್ನುವ ಮಾತು ಕೇಳಿ ಮುಚ್ಚಿದ ಸ್ಟೋರೇಜ್ ಒಳಗೆ ಇಳಿದು ಹೀಗೆ ತೊಳೆಯುವುದು ಜೀವದ ಜತೆ ಆಟ.

ಕೊಳೆತ ಮೀನು, ಕೊಳೆತ ನೀರು ಇರುವ ಮುಚ್ಚಿದ ಜಾಗದಲ್ಲಿ ಮೊದಲೇ ವಿಷಾನಿಲ ತುಂಬಿರುತ್ತದೆ. ಮುಚ್ಚಳ ತೆಗೆದು ತುಂಬಾ ಹೊತ್ತು ಗಾಳಿ ಆಡಲು ಬಿಡಿ. ಸಾಧ್ಯವಿದ್ದರೆ ಹೊರಗಿನಿಂದಲೇ ಪೈಪಿನಲ್ಲಿ ನೀರು ಹಾಯಿಸಿ. ಒಬ್ಬರೇ ಇಳಿಯಬೇಡಿ, ಮೇಲೆ ಒಬ್ಬರು ನಿಂತಿರಲಿ. ಒಳಗಿದ್ದವರು ಕುಸಿದರೆ ಹಿಂದೆಯೇ ಹಾರಬೇಡಿ, ಇಬ್ಬರೂ ಹೋಗುತ್ತೀರಿ. ಇಳಿಯುವಾಗಲೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರೆ ಮೇಲಿನವರು ಎಳೆಯಬಹುದು.

ದೊಡ್ಡ ಬೋಟುಗಳಲ್ಲಿ ಈ ಕೆಲಸ ಮಾಡುವವರು ಬಹುಪಾಲು ದೂರದ ರಾಜ್ಯಗಳಿಂದ ಬಂದ ಹುಡುಗರು. ಡಬ್ಬಿಯ ಮೇಲಿನ ಕನ್ನಡವೂ ಅವರಿಗೆ ಓದಲು ಬರುವುದಿಲ್ಲ. ಒಂದು ಜೊತೆ ರಬ್ಬರ್ ಗ್ಲೌಸ್ ಕೊಡಿಸಿ, ಏನು ಸೇರಿಸಬಾರದು ಅಂತ ಕೈಸನ್ನೆಯಲ್ಲಾದರೂ ಹೇಳುವುದು ಬೋಟಿನ ಯಜಮಾನರ ಕೆಲಸ.

‘ನೈಸರ್ಗಿಕ’ ಅಂದ ಕೂಡಲೇ ನಂಬಬೇಡಿ

ಹಸಿರು ಎಲೆಯ ಚಿತ್ರ ಹಾಕಿದ ಡಬ್ಬಿಗಳು ಈಗ ಬರುತ್ತಿವೆ. ‘ಜೈವಿಕವಾಗಿ ಕರಗುತ್ತದೆ’ ಅಂತ ಬರೆದಿರುತ್ತದೆ. ಅದರ ಅರ್ಥ ಮುಂದೆ ಯಾವಾಗಲೋ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ ಅಂತ. ಸುರಿದ ಹೊತ್ತಿಗೆ ಮೀನಿಗೆ ಏನೂ ಆಗುವುದಿಲ್ಲ ಅಂತಲ್ಲ.

ನಮ್ಮ ಅಂಟುವಾಳ ಕಾಯಿಯನ್ನೇ ತೆಗೆದುಕೊಳ್ಳಿ. ತಲೆಗೂ ಬಟ್ಟೆಗೂ ಒಳ್ಳೆಯದು, ಅಪ್ಪಟ ನೈಸರ್ಗಿಕ. ಅದರ ನೊರೆಗೆ ಕಾರಣವಾದ ಸಪೋನಿನ್ ಅನ್ನುವ ಅಂಶ ಮೀನಿನ ಕಿವಿರಿಗೆ ವಿಷ. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಹೊಳೆಗುಂಡಿಗೆ ಹಾಕಿ ಮೀನು ಹಿಡಿಯುತ್ತಿದ್ದದ್ದು ಇಂಥದ್ದೇ ಗುಣದಿಂದ. ಹಾಗಾಗಿ ಅಂಟುವಾಳವನ್ನಾದರೂ ಬಳಸಿ, ಲಿಕ್ವಿಡ್ ಆದರೂ ಬಳಸಿ, ದಡದ ಮೇಲೆ, ನೀರಿನಿಂದ ದೂರ, ಮಣ್ಣಿಗೆ ಇಂಗುವ ಕಡೆ ತೊಳೆಯಿರಿ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದನ್ನು ಒಡೆಯಲು ಸಮಯ ಸಿಗುತ್ತದೆ. ಕುಡಿಯುವ ಬಾವಿಯ ಹತ್ತಿರ ಮಾತ್ರ ಬೇಡ. ಯಾವ ಸಾಮಾನು ಅನ್ನುವಷ್ಟೇ ಮುಖ್ಯ ಎಲ್ಲಿ ತೊಳೆದಿರಿ ಅನ್ನುವುದು.

‘ಸಮುದ್ರ ಅಷ್ಟು ದೊಡ್ಡದು, ಏನಾಗುತ್ತದೆ?’

ಈ ಮಾತು ಎಲ್ಲರೂ ಹೇಳುತ್ತಾರೆ. ಸಮುದ್ರ ದೊಡ್ಡದು ನಿಜ, ಆದರೆ ನಾವು ತೊಳೆಯುವುದು ಸಮುದ್ರದ ನಡುವೆ ಅಲ್ಲ. ತಡೆಗೋಡೆಯ ಒಳಗಿನ ಬಂದರು, ಸಣ್ಣ ತೋಡು, ಕಾಂಡ್ಲಾ ಗಿಡಗಳ ನಡುವಿನ ನಿಂತ ನೀರು. ಮಳೆಗಾಲ ಮುಗಿದ ಮೇಲೂ ಪ್ರತಿ ಸಲ ಮೀನಿಳಿಸಿದ ನಂತರ ಅಲ್ಲೇ ತೊಳೆಯುತ್ತೇವೆ. ಒಂದು ದೋಣಿಯ ಒಂದು ಬಕೆಟ್ ಲೆಕ್ಕಕ್ಕಿಲ್ಲದಿರಬಹುದು. ಒಂದೇ ಬಂದರಿನ ಅಷ್ಟೂ ದೋಣಿಗಳ, ವರ್ಷವಿಡೀ ತೊಳೆದ ನೀರು ಲೆಕ್ಕಕ್ಕಿದೆ.

ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಹೆಕ್ಕಿ ಮನೆ ನಡೆಸುವವರಿದ್ದಾರೆ. ಅವರಲ್ಲಿ ಎಷ್ಟೋ ಜನ ಹೆಂಗಸರು. ಅವರಿಗೆ ದೋಣಿ ಇಲ್ಲ, ಡೀಸೆಲ್ ಸಬ್ಸಿಡಿ ಇಲ್ಲ. ಆ ಕೆಸರೇ ಅವರ ಗದ್ದೆ. 2024ರಲ್ಲಿ ಆ ಅಳಿವೆಗೆ ರಾಮ್ಸರ್ ತಾಣ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಮಾನ್ಯತೆ ಬೋರ್ಡಿನ ಮೇಲಿದ್ದರೆ ಬಳಚು ಬೆಳೆಯುವುದಿಲ್ಲ. ದೋಣಿಯವರು ಸುರಿದದ್ದಕ್ಕೆ ಬೆಲೆ ತೆರುವವರು ದೋಣಿ ಇಲ್ಲದವರು ಆಗಬಾರದು.

“ಕಾರ್ಖಾನೆಯವರು ಬಿಡುವುದರ ಎದುರು ನಮ್ಮದೇನು?” ಅನ್ನುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಾಳೆ ಕಾರ್ಖಾನೆಯ ಕೊಳಕು ನೀರಿನ ವಿರುದ್ಧ ನಾವು ಧರಣಿ ಕೂತಾಗ, ನಮ್ಮ ಬಂದರಿನ ಸೋಪಿನ ನೊರೆಯ ಫೋಟೊ ತೋರಿಸಿ ಬಾಯಿ ಮುಚ್ಚಿಸುವ ಅವಕಾಶ ಅವರಿಗೆ ಯಾಕೆ ಕೊಡಬೇಕು?

ಘಟ್ಟದ ಮೇಲಿನವರಿಗೂ ಒಂದು ಮಾತು. ಜಲಾಶಯದಲ್ಲಿ ದೋಣಿ, ತೆಪ್ಪ ಇಟ್ಟವರು, ಕೆರೆಗೆ ಟ್ರ್ಯಾಕ್ಟರ್ ಇಳಿಸಿ ತೊಳೆಯುವವರು ನೆನಪಿಡಿ: ನಿಮ್ಮ ನೀರು ಎಲ್ಲೂ ಹರಿದು ಹೋಗುವುದಿಲ್ಲ, ದನ ಕುಡಿಯುವುದು ಅದನ್ನೇ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಬಂದದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಚರಂಡಿ ನೀರಿನ ಜತೆ ಬಂದ ಸೋಪು, ಡಿಟರ್ಜೆಂಟಿಗೆ ಅದರಲ್ಲಿ ದೊಡ್ಡ ಪಾಲಿತ್ತು.

ಎಲ್ಲವನ್ನೂ ಮೀನುಗಾರರ ತಲೆಗೆ ಕಟ್ಟಬಾರದು

ದಡದ ಮೇಲೆ ತೊಳೆಯಿರಿ ಅನ್ನುವುದು ಸುಲಭ. ದಡದಲ್ಲಿ ನಲ್ಲಿ ಎಲ್ಲಿದೆ? ದೋಣಿ ಎಳೆದು ನಿಲ್ಲಿಸಲು ಜಾಗ ಎಲ್ಲಿದೆ? ಬಂದರಿಗೆ ಹರಾಜು ಕಟ್ಟೆ ಬರುತ್ತದೆ, ಲೈಟು ಬರುತ್ತದೆ, ತೊಳೆಯುವ ಜಾಗ ಅಂತ ಒಂದು ಬೇಕು ಅನ್ನುವುದು ಯೋಜನೆ ಬರೆಯುವವರಿಗೆ ನೆನಪಾಗುವುದೇ ಇಲ್ಲ. ಸಿಹಿ ನೀರು ದುಡ್ಡು ಕೊಟ್ಟು ಟ್ಯಾಂಕರಿನಲ್ಲಿ ತರಿಸುವ ಕಡೆ ‘ಸಿಹಿ ನೀರಿನಲ್ಲಿ ತೊಳೆಯಿರಿ’ ಅನ್ನುವುದು ಬರೀ ಉಪದೇಶ ಆಗುತ್ತದೆ.

ಬೇಕಾದದ್ದು ಏನು? ಇಳಿಜಾರಾದ ಒಂದು ಸಿಮೆಂಟ್ ಕಟ್ಟೆ. ಅದರ ಕೆಳತುದಿಯಲ್ಲಿ ನೀರು ಸೇರುವ ಗುಂಡಿ, ಗುಂಡಿಯಲ್ಲಿ ಎಣ್ಣೆ ತೇಲಿ ಬೇರೆಯಾಗುವಂತೆ ಒಂದು ಅಡ್ಡಗೋಡೆ. ಹರಾಜು ಕಟ್ಟೆಯ ಮಾಡಿನ ಮಳೆ ನೀರು ಸೇರುವ ಒಂದು ಟ್ಯಾಂಕು. ಹಳೆ ಆಯಿಲ್ ಹಾಕಲು ಒಂದು ಡ್ರಮ್ಮು. ಇದು ರಾಕೆಟ್ ವಿದ್ಯೆಯೇನಲ್ಲ, ಊರಿನ ಮೇಸ್ತ್ರಿಯೇ ಕಟ್ಟುವಂಥದ್ದು. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಬಂದರು ಮತ್ತು ಮೀನಿಳಿಸುವ ತಾಣಗಳ ಸುಧಾರಣೆಗೆ ಅವಕಾಶ ಇದೆ. ಮೀನುಗಾರರ ಸಹಕಾರ ಸಂಘದಲ್ಲಿ ಠರಾವು ಮಾಡಿ ಮೀನುಗಾರಿಕೆ ಇಲಾಖೆಗೆ ಬರೆದು ಕೊಡಿ. ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಬೇಡಿಕೆ ಮಳೆಯ ಜತೆಯೇ ಹರಿದು ಹೋಗುತ್ತದೆ.

ಕಟ್ಟೆ ಬರುವ ತನಕ ನಮ್ಮ ಕೈಯಲ್ಲಿರುವುದು ಇಷ್ಟು. ದೋಣಿ ಹಸಿ ಇರುವಾಗಲೇ ಉಜ್ಜುವುದು. ನೀರು, ಬ್ರಷ್ಷು, ಸಿಪ್ಪೆಯಿಂದ ಶುರು ಮಾಡುವುದು. ಸೋಪು ಬೇಕಾದರೆ ಚಮಚದ ಲೆಕ್ಕದಲ್ಲಿ, ದಡದ ಮೇಲೆ. ಎಣ್ಣೆಗೆ ಬಟ್ಟೆ. ಬ್ಲೀಚು ಮೀನಿನ ಜಾಗಕ್ಕೆ ಮಾತ್ರ. ಆಸಿಡ್ಡು, ಕಾಸ್ಟಿಕ್ಕು ಅಂಗಡಿಯಲ್ಲೇ ಇರಲಿ.

ಆಗಸ್ಟ್ 1ಕ್ಕೆ ದೋಣಿ ಇಳಿಸುವಾಗ ತೆಂಗಿನಕಾಯಿ ಒಡೆದು ಈ ವರ್ಷ ಒಳ್ಳೆ ಮೀನು ಸಿಗಲಿ ಅಂತ ಕೈಮುಗಿಯುತ್ತೇವೆ. ಆ ಮೀನಿನಲ್ಲಿ ಒಂದಷ್ಟು ಜೂನ್, ಜುಲೈ ತಿಂಗಳಲ್ಲಿ ನಮ್ಮ ದೋಣಿಯ ಪಕ್ಕದ ನೀರಿನಲ್ಲೇ ಬೆರಳುದ್ದದ ಮರಿಯಾಗಿ ಇತ್ತು. ದೋಣಿ ತೊಳೆಯುವ ದಿನ ಅದನ್ನು ನೆನಪಿಟ್ಟುಕೊಳ್ಳಿ.